ಪೀಸಾ ಪಟ್ಟಿ ಹಂಚುವ ಮುನ್ನ
ಸದಸ್ಯರೇ, ನಿನ್ನೆಯಿಂದ ಗುಂಪಿನಲ್ಲಿ ಪೀಸಾ (ನಾನಾ ದೇಶಗಳ 15 ವರ್ಷದ ವಿದ್ಯಾರ್ಥಿಗಳ ಕಲಿಕೆ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆ) ರ‍್ಯಾಂಕ್ ಪಟ್ಟಿಯದ್ದೇ ಗದ್ದಲ. 2022ರ ಗಣಿತದಲ್ಲಿ ಹಾಂಗ್‌ಕಾಂಗ್‌ಗೆ 540, ಜಪಾನಿಗೆ 536. ಪರೀಕ್ಷೆ ಬರೆದದ್ದು 15 ವರ್ಷದ ಎಲ್ಲ ಮಕ್ಕಳಲ್ಲ, ಆಯ್ದ ಮಾದರಿ ಮಾತ್ರ; ಎರಡೂ ಸರಾಸರಿಗಳಿಗೆ ಸುಮಾರು 3 ಅಂಕಗಳ ಮಾನಕ ದೋಷ, ಅಂದರೆ ಮಾದರಿಯಿಂದ ಅಂದಾಜಿಸುವಾಗ ಬರುವ ಏರುಪೇರು, ಅಂಟಿಕೊಂಡಿದೆ. ಆ 4 ಅಂಕಗಳ ಅಂತರವನ್ನು ನಂಬಿ ಯಾರು ಮೇಲು ಎಂದು ಜಗಳವಾಡುವುದು ವ್ಯರ್ಥ. ಸಿಂಗಪುರದ 575 ಬೇರೆ ಮಾತು, ಅದು ನಿಜಕ್ಕೂ ಮುಂದಿದೆ.

2018ರ ‘ಚೀನಾ ಪ್ರಥಮ’ ಚಿತ್ರವನ್ನು ಮೂರು ಸಲ ಹಾಕಿದವರ ಗಮನಕ್ಕೆ: ಅಲ್ಲಿದ್ದದ್ದು ಬೀಜಿಂಗ್, ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್ ಅಷ್ಟೇ, ಇಡೀ ಚೀನಾ ಅಲ್ಲ. ಶಾಲೆ ಬಿಟ್ಟ ಮಕ್ಕಳಂತೂ ಯಾವ ದೇಶದ ಸರಾಸರಿಯಲ್ಲೂ ಇಲ್ಲ.

ಇನ್ನು ಮುಂದೆ ಪಟ್ಟಿ ಹಾಕುವವರು ಮಾನಕ ದೋಷದ ಕಾಲಂ ಕತ್ತರಿಸದೆ ಹಾಕಿ.