ಬಸವ ಎದ್ದು ನಿಲ್ಲಲು ನೆರವಾದವರಿಗೆ

ಕಳೆದ ಭಾನುವಾರ ಸಂಜೆ ನಮ್ಮೂರಿನ ಗುಡಿಯ ಜಗುಲಿಯಲ್ಲಿ ಎರಡು ಕಂಬಗಳ ನಡುವೆ ತಾತನ ಬಿಳಿ ಪಂಚೆ ಕಟ್ಟಿ, ನಾನು ಕೈಯಲ್ಲಿ ಬರೆದ ಅನಿಮೇಷನ್ ಚಿತ್ರದಲ್ಲಿ ನಮ್ಮ ಮನೆಯ ಎತ್ತು ಬಸವನನ್ನು ಊರಿನವರಿಗೆ ತೋರಿಸಿದೆ. ಚಿತ್ರದ ಅವಧಿ ಒಟ್ಟು 48 ಸೆಕೆಂಡು. ಕೊಟ್ಟಿಗೆಯಲ್ಲಿ ಮಲಗಿದ್ದ ಎತ್ತು ನಸುಕಿನಲ್ಲಿ ಎದ್ದು ನಿಲ್ಲುತ್ತದೆ, ಮೈ ಮುರಿಯುತ್ತದೆ. ಮುದುಕನೊಬ್ಬ ಬಂದು ಹಗ್ಗ ಬಿಚ್ಚುತ್ತಾನೆ. ಇಬ್ಬರೂ ಬಾಗಿಲು ದಾಟಿ ಹೋಗುತ್ತಾರೆ. ಕಥೆ ಅಷ್ಟೇ. ಸೆಕೆಂಡಿಗೆ 24 ಫ್ರೇಮು (ತೆರೆಯ ಮೇಲೆ ಬಂದು ಹೋಗುವ ಬಿಡಿ ನೋಟ), ಒಂದೊಂದು ಚಿತ್ರಕ್ಕೆ ಎರಡೆರಡು ಫ್ರೇಮು ಎಂದು ಲೆಕ್ಕ ಹಾಕಿದರೆ ಎತ್ತಿಗೇ 576 ಹಾಳೆ. ಮುದುಕನಿಗೆ ಬೇರೆ ಹಾಳೆಗಳು. ತಪ್ಪಿ ಬದಿಗಿಟ್ಟವು ಎರಡು ಗೋಣಿಚೀಲ ತುಂಬಿವೆ.

ಎರಡು ವರ್ಷದ ಈ ಕೆಲಸ ಮುಗಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ಹಾಳೆಯನ್ನು ಯಾರು ತಿದ್ದಿದರು ಎಂಬುದೇ ಕಣ್ಣ ಮುಂದೆ ಬರುತ್ತಿತ್ತು. ನನ್ನ ಗುರುಗಳನ್ನೂ ಪಾಠದ ಇಬ್ಬರು ಗೆಳೆಯರನ್ನೂ ಬಿಟ್ಟರೆ ಅವರಲ್ಲಿ ಯಾರೂ ಪೆನ್ಸಿಲ್ ಹಿಡಿದು ಚಿತ್ರ ಬರೆದವರಲ್ಲ. ಅವರಿಗೆಲ್ಲ ಎದುರಿಗೆ ನಿಂತು ಹೇಳಲು ಗಂಟಲು ಕಟ್ಟುತ್ತದೆ. ಅದಕ್ಕಾಗಿ ಈ ಬರಹ.

ಮೊದಲು ಗುರುಗಳಿಗೆ. ಅವರ ಬಳಿಗೆ ಹೋಗುವ ಮುಂಚೆ ನಾನು ಒಂದು ತರಬೇತಿ ಸಂಸ್ಥೆಯಲ್ಲಿ ವರ್ಷವಿಡೀ ಕಲಿತಿದ್ದೆ. ಅಪ್ಪ ಸಾಲ ಮಾಡಿ ಶುಲ್ಕ ಕಟ್ಟಿದ್ದರು. ಅಲ್ಲಿ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಕಲಿಸಿದರು, ಕೈಯಲ್ಲಿ ಬರೆಯುವ ಅನಿಮೇಷನ್ನಿಗೆ ಇನ್ನು ಕಾಲವಿಲ್ಲ ಎಂದೂ ಹೇಳಿಬಿಟ್ಟರು. ಅದನ್ನು ನಂಬಿ ಆರು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಆ ಆರು ತಿಂಗಳ ಬಗ್ಗೆ ಈಗಲೂ ಸಂಕಟವಾಗುತ್ತದೆ.

ಗುರುಗಳು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಬಹಳ ವರ್ಷ ಇನ್‌ಬಿಟ್ವೀನ್ (ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ಬರೆಯುವುದು) ಮತ್ತು ಕ್ಲೀನ್‌ಅಪ್ (ಕರಡು ಗೆರೆಗಳನ್ನು ಅಚ್ಚುಕಟ್ಟು ಮಾಡುವುದು) ಕೆಲಸ ಮಾಡಿ ಈಗ ಮೈಸೂರಿನಲ್ಲಿ ನೆಲೆಸಿರುವವರು. ಶನಿವಾರ ಮೂವರು ಹುಡುಗರಿಗೆ ಮನೆಯಲ್ಲೇ ಪಾಠ. ನನ್ನಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ. ಮೊದಲ ನಾಲ್ಕು ತಿಂಗಳು ಪ್ರಾಣಿಯ ಹೆಸರೆತ್ತಲು ಬಿಡಲಿಲ್ಲ. ಪುಟಿಯುವ ಚೆಂಡು, ಆಮೇಲೆ ಚೀಲ. ಪುಸ್ತಕಗಳಲ್ಲಿ ಹಿಟ್ಟಿನ ಚೀಲ ಎಂದಿರುತ್ತದೆ, ಅವರು ಅರ್ಧ ತುಂಬಿದ ರಾಗಿ ಚೀಲ ತಂದಿಟ್ಟರು. ಕಣ್ಣಿಲ್ಲ, ಬಾಯಿಲ್ಲ, ಕೈಕಾಲಿಲ್ಲ. ಆ ಚೀಲ ದುಃಖದಿಂದ ಕುಳಿತಿದೆ ಎಂದು ನೋಡಿದವರಿಗೆ ತಿಳಿಯಬೇಕು. ರಾಗಿ ಕೆಳಗಿಳಿದು ತಳ ಉಬ್ಬಬೇಕು, ಮೇಲಿನ ಎರಡು ಮೂಲೆಗಳು ಜೋಲಬೇಕು, ಆದರೆ ಒಳಗಿರುವ ರಾಗಿ ಒಂದು ಹಿಡಿಯೂ ಹೆಚ್ಚು ಕಡಿಮೆಯಾಗಬಾರದು. ಹದಿನೇಳನೆಯ ಸಲಕ್ಕೆ ಅವರು ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಹಿಂದೆ ಮುಂದೆ ಮಗುಚಿ ನೋಡಿ, "ಈಗ ತೂಕ ಬಂತು" ಎಂದರು. ಆ ಮಾತು ನನ್ನನ್ನು ಇಲ್ಲಿಯವರೆಗೆ ನಡೆಸಿದೆ.

ಅವರೇ ಒಂದು ದಿನ ನಮಗೆ ಈ ವಿದ್ಯೆಯ ವಂಶಾವಳಿ ಹೇಳಿದರು. ಅಮೆರಿಕದ ಡಿಸ್ನಿ ಸ್ಟುಡಿಯೋದವರು 1942ರಲ್ಲಿ ಬಿಡುಗಡೆಯಾದ ಬಾಂಬಿ ಚಿತ್ರಕ್ಕಾಗಿ ಜೀವಂತ ಜಿಂಕೆಮರಿಗಳನ್ನು ಸ್ಟುಡಿಯೋಗೆ ತರಿಸಿ, ಕಲಾವಿದರನ್ನು ಅವುಗಳ ಮುಂದೆ ಕೂರಿಸಿ ಬರೆಸಿದರು. ಆ ಚಿತ್ರಕ್ಕೆ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯಲ್ಲಿದ್ದ ಕೇಂದ್ರ ಸರ್ಕಾರದ ಚಲನಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. ಅಲ್ಲಿ ಕಲಿತ ತಂಡ 1957ರಲ್ಲಿ ಬುದ್ಧನ ಜಾತಕ ಕಥೆಯೊಂದನ್ನು ಆಧರಿಸಿ ಆಲದಮರದ ಜಿಂಕೆಯ ಚಿತ್ರ ಮಾಡಿತು. "ನೋಡಿ, ಅಲ್ಲಿಯೂ ಜಿಂಕೆ, ಇಲ್ಲಿಯೂ ಜಿಂಕೆ. ಪ್ರಾಣಿಯ ಮುಂದೆ ಹೋಗಿ ಕೂರದೆ ಯಾರೂ ಕಲಿತಿಲ್ಲ" ಎಂದರು. ಆ ಸಂಜೆಯೇ ಅರಮನೆಯ ಕಡೆಗೆ ಹೊರಟೆ.

ಅದು ದಸರೆಗೆ ಮುಂಚಿನ ಸಮಯ. ಕಾಡಿನ ಶಿಬಿರಗಳಿಂದ ಆನೆಗಳು ಬಂದಿದ್ದವು. ಬೆಳಿಗ್ಗೆ ಅರಮನೆಯಿಂದ ಬನ್ನಿಮಂಟಪದವರೆಗೆ ಅವುಗಳಿಗೆ ನಡಿಗೆಯ ತಾಲೀಮು. ನಾನು ದಾರಿಯ ಬದಿಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಮೂರನೆಯ ವಾರ ಮಾವುತರೊಬ್ಬರು ನನ್ನನ್ನು ಗುರುತು ಹಿಡಿದು, ಏನು ಬರೆಯುತ್ತೀಯ ತೋರಿಸು ಎಂದರು. ಅನುಮತಿ ಕೇಳಿಲ್ಲವಾದ್ದರಿಂದ ಅವರ ಹೆಸರು ಬರೆಯುವುದಿಲ್ಲ. ಹಾಳೆಗಳನ್ನು ಅವರ ಮುಂದೆ ಮಗುಚಿದೆ. ಒಂದು ಕ್ಷಣ ನೋಡಿ ಅವರು, "ಇಷ್ಟು ಕುಣಿದರೆ ಅಂಬಾರಿ ಬೆನ್ನ ಮೇಲೆ ನಿಲ್ಲುವುದಿಲ್ಲ" ಎಂದರು. 750 ಕಿಲೋ ತೂಗುವ ಅಂಬಾರಿಯ ಮಾತು ಅದು! ನಾನು ಆನೆಗೆ ಮನುಷ್ಯನ ನಡಿಗೆಯ ಏರಿಳಿತ ಕೊಟ್ಟಿದ್ದೆ. ಮೂರು ವಾರ ನೋಡಿಯೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವರು ನೆಲದ ಮಣ್ಣು ಸವರಿ ಬೆರಳಿನಿಂದ ಹೆಜ್ಜೆ ಗುರುತು ಬರೆದರು. ಮುಂಗಾಲಿಗೆ ದುಂಡು, ಹಿಂಗಾಲಿಗೆ ಸ್ವಲ್ಪ ಉದ್ದನೆಯ ಮೊಟ್ಟೆಯಾಕಾರ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಮುಂಗಾಲು ಬಿಟ್ಟ ಜಾಗದ ಹತ್ತಿರವೇ ಹಿಂಗಾಲು ಬಂದು ಕೂರುತ್ತದೆ. ತೂಕ ಬಿದ್ದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ಮುಂಗಾಲಿನ ಹೆಜ್ಜೆಯ ಸುತ್ತ ದಾರ ಹಿಡಿದು ಅಳೆದು ಎರಡು ಪಟ್ಟು ಮಾಡಿದರೆ ಹೆಚ್ಚುಕಡಿಮೆ ಅದೇ ಆನೆಯ ಭುಜದೆತ್ತರ ಎಂಬುದನ್ನೂ ಅವರೇ ಹೇಳಿಕೊಟ್ಟರು. ಆ ಲೆಕ್ಕದಲ್ಲಿ ನೋಡಿದರೆ ನನ್ನ ಆನೆಗೆ ಕಾಲು ತೀರಾ ಉದ್ದವಾಗಿತ್ತು. ಸ್ವಾಮಿ, ನೀವು ಮಣ್ಣಿನಲ್ಲಿ ಬರೆದ ಆ ನಾಲ್ಕು ಗುರುತುಗಳನ್ನು ಹಾಗೆಯೇ ಕಾಗದಕ್ಕಿಳಿಸಿ ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಮೇಜು ಎಂದಾಗ ಬಡಗಿ ಮಾವನನ್ನು ನೆನೆಯಲೇಬೇಕು. ಕೈಯಲ್ಲಿ ಅನಿಮೇಷನ್ ಬರೆಯುವವರಿಗೆ ಲೈಟ್ ಬಾಕ್ಸ್ ಬೇಕು. ಕೆಳಗಿನಿಂದ ಬೆಳಕು ಬಂದರೆ ಹಿಂದಿನ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಕಾಣುತ್ತದೆ. ಹಾಳೆಗಳು ಒಂದು ಕೂದಲೆಳೆಯೂ ಜರುಗದಂತೆ ಹಿಡಿಯಲು ಪೆಗ್ ಬಾರ್, ಅಂದರೆ ಗೂಟಗಳಿರುವ ಪಟ್ಟಿ ಬೇಕು. ಕೊಳ್ಳಲು ಹಣವಿರಲಿಲ್ಲ. ಅವರು ಹಳೆಯ ಕಿಟಕಿಯ ಚೌಕಟ್ಟಿಗೆ ಹಾಲುಬಣ್ಣದ ಅಕ್ರಿಲಿಕ್ ಕೂರಿಸಿ ಅಡಿಯಲ್ಲಿ ಎಲ್‌ಇಡಿ ಪಟ್ಟಿ ಅಂಟಿಸಿದರು. ಕಚೇರಿಗಳಲ್ಲಿ ಬಳಸುವ ಪಂಚ್ ಹಾಕುವ ತೂತುಗಳ ನಡುವಿನ ಅಂತರ 8 ಸೆಂಟಿಮೀಟರ್, ತೂತಿನ ಅಗಲ 6 ಮಿಲಿಮೀಟರ್. ಅದಕ್ಕೆ ಸರಿಯಾಗಿ ಬೀಟೆ ಮರದ ಎರಡು ಗೂಟ ಕಡೆದು ಕೊಟ್ಟರು. ಎರಡು ವರ್ಷದಲ್ಲಿ ಸಾವಿರಾರು ಹಾಳೆಗಳು ಆ ಗೂಟಗಳನ್ನು ಏರಿ ಇಳಿದಿವೆ. ಸವೆದಾಗ ಎರಡು ಸಲ ಹೊಸದನ್ನು ಕಡೆದು ತಂದರು. ಮಾವಾ, ಗೂಟ ಅಲುಗಿದ್ದರೆ ಬಸವನ ಮೈಯೆಲ್ಲ ನಡುಗುತ್ತಿತ್ತು. ಅದು ನಡುಗದೆ ನಿಂತಿರುವುದು ನಿಮ್ಮಿಂದ.

ಆನೆಯ ನಡಿಗೆ ಒಂದು ಹದಕ್ಕೆ ಬಂದ ಮೇಲೆ ಎತ್ತಿನ ಚಿತ್ರ ಶುರು ಮಾಡಿದೆ. ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಒಂದೇ ಹಳ್ಳಿಕಾರ್ ಎತ್ತು, ಬಸವ. ಜೊತೆಯ ಎತ್ತು ಹೋಗಿ ಮೂರು ವರ್ಷವಾಯಿತು, ತಾತ ಇದನ್ನು ಮಾರಲು ಒಪ್ಪಲಿಲ್ಲ. ಬಸವ ಏಳುವ ದೃಶ್ಯವನ್ನು ತಿಂಗಳಲ್ಲಿ ಬರೆದು, ಪೆನ್ಸಿಲ್ ಟೆಸ್ಟ್ (ಕರಡು ಚಿತ್ರಗಳನ್ನು ಓಡಿಸಿ ಚಲನೆ ನೋಡುವುದು) ಮಾಡಿ ಮೊಬೈಲಿನಲ್ಲಿ ತಾತನಿಗೆ ತೋರಿಸಿದೆ. ತಾತ ಮೂರು ಸಲ ನೋಡಿದರು. ಆಮೇಲೆ ಮೆಲ್ಲಗೆ, "ಇದು ಎತ್ತಲ್ಲ ಮಗು, ಕುದುರೆ" ಎಂದರು.

ನಿಜವಾಗಿತ್ತು. ಕುದುರೆ ಏಳುವಾಗ ಮೊದಲು ಮುಂಗಾಲು ಚಾಚಿ ಎದೆಯನ್ನು ಎತ್ತುತ್ತದೆ. ನಾನು ಕುದುರೆಯ ಚಿತ್ರಗಳನ್ನು ನೋಡಿ ಕಲಿತಿದ್ದೆ, ಅದನ್ನೇ ಬಸವನ ಮೇಲೆ ಹೇರಿದ್ದೆ. ಹುಟ್ಟಿದಂದಿನಿಂದ ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವಳು ನಾನು.

ಅದೇ ವಾರ ಬಲಗೈ ಮಣಿಕಟ್ಟು ಊದಿಕೊಂಡಿತು. ಹೆಬ್ಬೆರಳು ಅಲುಗಿಸಿದರೆ ಮೊಣಕೈವರೆಗೆ ನೋವು. ಡಾಕ್ಟರು ಪಟ್ಟಿ ಕಟ್ಟಿ, ಆರು ವಾರ ಪೆನ್ಸಿಲ್ ಹಿಡಿಯಬಾರದು ಎಂದರು. ಇನ್ನು ಈ ಕೈ ಮೊದಲಿನಂತಾಗುವುದಿಲ್ಲವೇನೋ ಎಂಬ ಭಯದಲ್ಲಿ ನಾನು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಅಮ್ಮ ನನ್ನ ತಲೆ ಬಾಚಿದರು, ತಟ್ಟೆಯಲ್ಲಿ ಮುದ್ದೆ ಮುರಿದುಕೊಟ್ಟರು, ಒಂದು ಸಲವೂ "ಬಿಟ್ಟುಬಿಡು" ಎನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ, ಆ ಹಳೆಯ ಸಾಲ ಇನ್ನೂ ತೀರಿರಲಿಲ್ಲ. ಗುರುಗಳಿಗೆ ಫೋನ್ ಮಾಡಿ ಅತ್ತೆ. ಅವರು ಹೇಳಿದ್ದು ಇಷ್ಟು: "ಕೈಗೆ ರಜೆ, ಕಣ್ಣಿಗಲ್ಲ. ಕೊಟ್ಟಿಗೆಗೆ ಹೋಗಿ ಕುಳಿತುಕೋ."

ಆ ಆರು ವಾರ ದಿನವೂ ನಸುಕಿನ ಐದು ಗಂಟೆಗೆ ತಾತನ ಜೊತೆ ಕೊಟ್ಟಿಗೆಯಲ್ಲಿ ಕುಳಿತೆ. ಬಸವ ಏಳುವುದು ಕೆಲವೇ ಸೆಕೆಂಡಿನ ಮಾತು. ದಿನಕ್ಕೆ ಒಂದೋ ಎರಡೋ ಸಲ ನೋಡಲು ಸಿಗುತ್ತಿತ್ತು. ಮೊದಲು ಮುಂಗಾಲಿನ ಮಂಡಿ ಮಡಿಸಿ ನೆಲಕ್ಕೆ ಊರುತ್ತದೆ. ಆಮೇಲೆ ತಲೆಯನ್ನು ಮುಂದಕ್ಕೂ ಕೆಳಕ್ಕೂ ಜೋರಾಗಿ ಚಾಚುತ್ತದೆ. ಗೋದಲಿ ತೀರಾ ಹತ್ತಿರವಿದ್ದರೆ ಎತ್ತಿಗೆ ಏಳಲು ಕಷ್ಟ ಎಂದು ತಾತ ಹೇಳಿದ್ದು ಇದಕ್ಕೇ. ತಲೆ ಮುಂದೆ ಹೋದ ರಭಸಕ್ಕೆ ಹಿಂಭಾಗ ಮೇಲೇಳುತ್ತದೆ. ಒಂದು ಕ್ಷಣ ಎತ್ತು ಮಂಡಿಯ ಮೇಲೆ ನಮಸ್ಕರಿಸುವಂತೆ ನಿಲ್ಲುತ್ತದೆ. ನಂತರ ಒಂದು ಮುಂಗಾಲು, ಆಮೇಲೆ ಇನ್ನೊಂದು. ಎದ್ದು ನಿಂತ ಮೇಲೂ ಎಲ್ಲವೂ ಒಟ್ಟಿಗೆ ನಿಲ್ಲುವುದಿಲ್ಲ. ಮೈ ನಿಂತಿದ್ದರೂ ಗಂಗೆದೊಗಲು ಇನ್ನೂ ತೂಗುತ್ತಿರುತ್ತದೆ, ಹಿಣಿಲು ಒಮ್ಮೆ ಒಂದು ಬದಿಗೆ ವಾಲಿ ಹಿಂದಿರುಗುತ್ತದೆ, ಕೊನೆಗೆ ಬಾಲದ ಕುಚ್ಚು ನಿಲ್ಲುತ್ತದೆ.

ಎತ್ತಿನ ಮುಂಗಾಲಿನಲ್ಲಿ ನಾವು ಮಂಡಿ ಎನ್ನುವ ಕೀಲು ಮೂಳೆಗಳ ಲೆಕ್ಕದಲ್ಲಿ ಅದರ ಮಣಿಕಟ್ಟು ಎಂದು ಗುರುಗಳು ಹೇಳಿದ್ದರು. ಪಟ್ಟಿ ಕಟ್ಟಿದ ನನ್ನ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಅಷ್ಟು ದೊಡ್ಡ ಮೈಯನ್ನು ಬಸವ ಪ್ರತಿದಿನ ಆ ಕೀಲಿನ ಮೇಲೆ ಹೊತ್ತು ಏಳುವುದನ್ನು ನೋಡುತ್ತಿದ್ದೆ. ಅದನ್ನು ನೋಡುತ್ತ ನನಗೆ ಏನಾಯಿತು ಎಂದು ಇಲ್ಲಿ ಬರೆಯಲು ಬರುವುದಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಎಲ್ಲವನ್ನೂ ಮೊದಲಿನಿಂದ ಬರೆದೆ. ಎರಡನೆಯ ಪೆನ್ಸಿಲ್ ಟೆಸ್ಟ್ ನೋಡಿ ತಾತ "ಹ್ಞಾ, ಇವನೇ" ಎಂದರು. ಆದರೆ ಮುಖ ಪೂರ್ತಿ ಅರಳಲಿಲ್ಲ. ಕೇಳಿದರೆ, "ಎದ್ದವನು ಮೈ ಮುರಿಯಲಿಲ್ಲವಲ್ಲ" ಎಂದರು. ಚೆನ್ನಾಗಿರುವ ದನ ಎದ್ದ ತಕ್ಷಣ ಬೆನ್ನು ಬಾಗಿಸಿ ಮೈ ಮುರಿಯುತ್ತದಂತೆ. ಮುರಿಯದೆ ಸುಮ್ಮನೆ ನಿಂತರೆ ತಾತ ಅಂದು ಹೊಟ್ಟೆ, ಗೊರಸು ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. "ನಿನ್ನ ಎತ್ತಿಗೆ ಹುಷಾರಿಲ್ಲ" ಎಂದು ಅವರು ನಿಜವಾದ ಕಳವಳದಿಂದಲೇ ಹೇಳಿದರು. ಆ ಮೈಮುರಿತಕ್ಕೆ ಮತ್ತೆ ಹದಿನೆಂಟು ಹಾಳೆ ಬರೆದೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದೂವರೆ ಸೆಕೆಂಡು ಅದು.

ಮುದುಕನ ಪಾತ್ರಕ್ಕೆ ಬೇರೆಲ್ಲೂ ಹುಡುಕಲಿಲ್ಲ. ತಾತನೂ ಏಳುವಾಗ ಮೊದಲು ಮುಂದಕ್ಕೆ ಬಾಗುತ್ತಾರೆ, ಎಡಗೈಯನ್ನು ಮೊಣಕಾಲ ಮೇಲೆ ಊರುತ್ತಾರೆ, ಅರ್ಧ ಎದ್ದು ಒಂದು ಕ್ಷಣ ನಿಲ್ಲುತ್ತಾರೆ. ಆ ಅರ್ಧದ ನಿಲುಗಡೆಯನ್ನು ನಾನು ಎಂಟು ಫ್ರೇಮು ಹಿಡಿದಿದ್ದೇನೆ.

ಇನ್ನೂ ಕೆಲವರು. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯ ಅಣ್ಣ ಹಾಳೆಯ ಬಂಡಲನ್ನು ಕೊಂಡ ಬೆಲೆಗೇ ಕೊಟ್ಟರು. ಹಾಳೆಗಳನ್ನೆಲ್ಲ ತಮ್ಮ ಒಂದೊಂದಾಗಿ ಫೋಟೋ ತೆಗೆದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯನ್ನು ಅಕ್ಕನ ಎತ್ತಿಗೆ ಕೊಟ್ಟ. 211ನೆಯ ಹಾಳೆ ತಿರುಗುಮುರುಗಾಗಿದೆ ಎಂದು ಕಂಡುಹಿಡಿದವನೂ ಅವನೇ. ಶನಿವಾರದ ಪಾಠದ ಇಬ್ಬರು ಗೆಳೆಯರು ಕೊನೆಯ ತಿಂಗಳು ನಮ್ಮ ಮನೆಗೇ ಬಂದು ಉಳಿದು ಇನ್‌ಬಿಟ್ವೀನ್ ಹಾಕಿಕೊಟ್ಟರು. ಎಲ್ಲರಿಗೂ ನನ್ನ ನಮಸ್ಕಾರ.

ಭಾನುವಾರ ಪಂಚೆಯ ಮೇಲೆ ಬಸವ ಎದ್ದಾಗ ಮುಂದೆ ಕುಳಿತಿದ್ದ ಮಕ್ಕಳು ಕೂಗಿದರು. ತಾತ ಕೂಗಲಿಲ್ಲ, ಕೈಯನ್ನು ಮೊಣಕಾಲ ಮೇಲೆ ಊರಿ ಸ್ವಲ್ಪ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಐದು ಸಲ ಹಾಕಿಸಿದರು. ಎಲ್ಲರೂ ಹೋದ ಮೇಲೆ, ದಿನವೂ ನಮ್ಮ ಮನೆಗೆ ಹುಲ್ಲಿನ ಹೊರೆ ತರುವ ಅಜ್ಜಿ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ಚೆನ್ನಾಗಿದೆ ಕಣವ್ವ. ಆದರೆ ಯಜಮಾನ ಬಾಗಿಲಿಗೆ ಬಂದಾಗ ಬಸವ ಸುಮ್ಮನೆ ನಿಂತಿರುವುದಿಲ್ಲ. ಅವರ ಹೆಜ್ಜೆ ಸದ್ದಿಗೇ ಕಿವಿ ಆ ಕಡೆ ತಿರುಗಿರುತ್ತದೆ" ಎಂದರು.

ಸೋಮವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕುಳಿತು ನೋಡಿದೆ. ತಾತ ಅಂಗಳದಲ್ಲಿರುವಾಗಲೇ ಬಸವನ ಬಲಗಿವಿ ತಿರುಗಿತು, ಆಮೇಲೆ ತಲೆ. ಅಜ್ಜಿ, ಕಿವಿಗೆ ಹನ್ನೆರಡು ಹಾಳೆ ಬೇಕಾಗುತ್ತದೆ. ಪಂಚ್ ಹಾಕಿಟ್ಟುಕೊಂಡಿದ್ದೇನೆ.