ಪದಬಂಧ ಸದ್ಯಕ್ಕೆ ನಿಂತಿದೆ, ಪುಟ್ಟಿ

ಪುಟ್ಟಿ,

ಪದಬಂಧ ಮತ್ತೆ ಶುರು ಮಾಡಲ್ವಾ ಅಂತ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ನೋಡೋಣ" ಅಂತ ಹೇಳಿ ಜಾರಿಕೊಂಡೆ. ಅದು ನಿನಗೂ ಗೊತ್ತಾಯಿತು ಅನ್ಸುತ್ತೆ. ಬರೆದರೆ ಸರಿಯಾಗಿ ಹೇಳಬಹುದು ಅಂತ ಈ ಕಾಗದ. ನಮ್ಮ ಪದಬಂಧದ ಪುಸ್ತಿಕೆಯನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಯುಗಾದಿ ಸಂಚಿಕೆ ಬರುವುದಿಲ್ಲ. ಆಮೇಲಿನದಕ್ಕೆ ಈಗಲೇ ಮಾತು ಕೊಡಲಾರೆ.

"ಕೈಗೊಂದು ಕೆಲಸ ಇದ್ದರೆ ಮನಸ್ಸು ಹಗುರ ಆಗುತ್ತೆ ಅಪ್ಪ" ಅಂದೆ. ಅಣ್ಣನ ವೈಕುಂಠ ಸಮಾರಾಧನೆಗೆ ಬಂದವರಲ್ಲಿ ಅರ್ಧ ಜನ ಊಟ ಮುಗಿಸಿ ಕೈ ತೊಳೆಯುತ್ತಾ ಅದನ್ನೇ ಹೇಳಿ ಹೋದರು. ಕೆಲಸಕ್ಕೇನೂ ಬರ ಇಲ್ಲ. ಅಣ್ಣನ ಪೆನ್ಷನ್ ನಿನ್ನ ದೊಡ್ಡಮ್ಮನ ಹೆಸರಿಗೆ ಆಗಬೇಕು. ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಡಬೇಕು, ಗ್ಯಾಸಿನ ಹೆಸರು ಬದಲಾಗಬೇಕು. ಓಡಾಡಲು ಅಷ್ಟು ಸಾಕು. ಪದಬಂಧವನ್ನು ಮಾತ್ರ ಆ ಸಾಲಿಗೆ ಸೇರಿಸಬೇಡ. ಅದನ್ನು ನಾನೂ ಅಣ್ಣನೂ ಖುಷಿಗೆ ಮಾಡುತ್ತಿದ್ದೆವು. ಈಗ ದುಃಖಕ್ಕೆ ಗುಳಿಗೆ ನುಂಗಿದ ಹಾಗೆ ಹೊತ್ತಿಗೆ ಸರಿಯಾಗಿ ಕೂತು ಮಾಡಿದರೆ, ಮುಂದೆ ಆ ಚೌಕ ಕಂಡರೇ ನನಗೆ ಬೇಜಾರು ಬರುತ್ತೆ.

ಕೆಲಸ ಹೇಗೆ ಹಂಚಿಕೊಂಡಿದ್ದೆವು ಅಂತ ನೀನು ಗಮನಿಸಿರಲಿಕ್ಕಿಲ್ಲ. ಚೌಕ ಕಟ್ಟುವುದು ನಾನು, ಸುಳಿವು ಬರೆಯುವುದು ಅಣ್ಣ. ಕನ್ನಡದಲ್ಲಿ ಚೌಕ ಕಟ್ಟುವುದು ತಲೆನೋವಿನ ಕೆಲಸ. ಇಂಗ್ಲಿಷಿನವರಿಗೆ ಇರುವುದೇ 26 ಅಕ್ಷರ, ಎಲ್ಲಿ ಬೇಕಾದರೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಮಗೆ ಒಂದು ಮನೆಗೆ ಒಂದು ಅಕ್ಷರ, ಗುಣಿತ ಒತ್ತು ಎಲ್ಲ ಸೇರಿಸಿ. ಅಡ್ಡಪದದಲ್ಲಿ 'ಕ' ಇದ್ದರೆ ಮೇಲಿಂದ ಇಳಿಯುವ ಪದದಲ್ಲೂ 'ಕ'ನೇ ಬೇಕು, 'ಕಿ' ನಡೆಯಲ್ಲ. ಇನ್ನು 'ಲಕ್ಷ್ಮಿ' ಬಂದಳೋ, ಮುಗಿಯಿತು. ಆ 'ಕ್ಷ್ಮಿ'ಗೆ ಜೊತೆ ಹುಡುಕಿದರೆ ಗೃಹಲಕ್ಷ್ಮಿ, ಭಾಗ್ಯಲಕ್ಷ್ಮಿ ಅಂತ ಮತ್ತೆ ಅವಳೇ ಸಿಗುತ್ತಾಳೆ. "ಲಕ್ಷ್ಮಿ ಬಂದರೆ ಮೂಲೆಯಲ್ಲಿ ಕೂರಿಸಿಬಿಡು, ಯಾರ ತಂಟೆಗೂ ಬರಬಾರದು" ಅನ್ನುತ್ತಿದ್ದ ಅಣ್ಣ.

ಸುಳಿವು ಅವನಿಗೆ ನೀರು ಕುಡಿದಷ್ಟು ಸುಲಭ. ನಾನು 'ನದಿ' ಅಂತ ತುಂಬಿದ್ದರೆ ಬೇರೆಯವರು 'ಹೊಳೆ' ಅಂತ ಬರೆದು ಮುಗಿಸುತ್ತಾರೆ. ಅವನು ಬರೆದದ್ದು, "ದಿನ ತಿರುಗಿದರೆ ಹರಿಯುತ್ತೆ (2)". ಇನ್ನೊಂದು, "ವೀರನಾರಾಯಣನ ಊರು, ಹೋದರೂ ಬಂದರೂ ಅದೇ (3)". ಇದರ ಉತ್ತರ ನೀನೇ ಹುಡುಕು. ನಾವಿಬ್ಬರೂ ಕಲಿತದ್ದು ಪತ್ರಿಕೆಗಳಲ್ಲಿ ಅ.ನಾ. ಪ್ರಹ್ಲಾದರಾವ್ ಅವರ ಪದಬಂಧ ಬಿಡಿಸುತ್ತಲೇ. ಆದರೂ ಅಣ್ಣನ ತರಲೆ ಅವನದೇ.

ಪದಬಂಧ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು, ಅಂದರೆ ಜೀವಿ, ಹುಟ್ಟಿದರು. "ಮೊದಲು ನಿಘಂಟು ಹುಟ್ಟಿತು, ಆಮೇಲೆ ಪದಬಂಧ" ಅನ್ನುವುದು ಅಣ್ಣನ ಹಳೇ ಜೋಕು. 2021ರಲ್ಲಿ ಜೀವಿ ತೀರಿಕೊಂಡಾಗ, ಸಾಹಿತ್ಯ ಪರಿಷತ್ತಿನ ನಿಘಂಟಿನಿಂದ ಪದ ಆಯ್ದು ಒಂದಿಡೀ ಸಂಚಿಕೆ ಕಟ್ಟಿಸಿದ. ತುಂಬಾ ಕಷ್ಟ ಅಂತ ಓದುಗರು ಬೈದರು. ಅವನಿಗೆ ಅದೂ ಖುಷಿಯೇ.

ಯುಗಾದಿಯ ಚೌಕ ನನ್ನ ಹತ್ತಿರ ಸಿದ್ಧ ಇದೆ. ಅಣ್ಣ ಸುಳಿವು ಬರೆಯುತ್ತಿದ್ದ ಹಾಳೆಯನ್ನು ದೊಡ್ಡಮ್ಮ ಮೊನ್ನೆ ಕೊಟ್ಟರು. ಹಳೇ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲಿನಲ್ಲಿ. 'ಎಡದಿಂದ ಬಲಕ್ಕೆ' ಪೂರ್ತಿ ಮುಗಿದಿದೆ. 'ಮೇಲಿನಿಂದ ಕೆಳಕ್ಕೆ' ಅಂತ ಬರೆದು ಅಡಿಗೆರೆ ಎಳೆದು, ಬರೀ ಸಂಖ್ಯೆ ಹಾಕಿಕೊಂಡಿದ್ದಾನೆ. ನಾಲ್ಕನೆಯದರ ಮುಂದೆ ಏನೋ ಬರೆದು ರಬ್ಬರಿನಲ್ಲಿ ಅಳಿಸಿದ್ದಾನೆ. ಬೆಳಕಿಗೆ ಹಿಡಿದು ನೋಡಿದೆ, ಓದಲಾಗಲಿಲ್ಲ.

ಉಳಿದದ್ದನ್ನು ನಾನು ಬರೆದುಕೊಡುತ್ತೇನೆ ಅಂತ ನೀನು ಅಂದೆ, ಇಲ್ಲಾಂದ್ರೆ ಕಂಪ್ಯೂಟರಿಗೆ ಹೇಳಿದರೆ ನಿಮಿಷದಲ್ಲಿ ಕೊಡುತ್ತೆ ಅಂತಲೂ ಅಂದೆ. ಕೊಡುತ್ತೆ, ಗೊತ್ತು. ಆದರೆ ಅಣ್ಣನ ಸುಳಿವು ಬಂದ ದಿನ ನಾನು ಕಟ್ಟಿದ ಚೌಕವನ್ನೇ ನಾನು ಬಿಡಿಸಲಾಗದೆ ಒದ್ದಾಡುತ್ತಿದ್ದೆ. ನನಗೆ ಬೇಕಿದ್ದದ್ದು ಅದೇ. ಓದುಗರು ಆಮೇಲೆ. ನೀನು ಬರೆಯುವುದಾದರೆ ನಿನ್ನ ಖುಷಿಗೆ ಬರಿ, ನನ್ನನ್ನು ಸಮಾಧಾನ ಮಾಡಲು ಬೇಡ. ನಿನ್ನ ಸುಳಿವು ನಿನ್ನ ಥರಾನೇ ಇರಲಿ.

ಪಕ್ಕದ ಮನೆಯವರು, "ವರ್ಷಾಬ್ದಿಕ ಆದಮೇಲೆ ಶುರು ಮಾಡ್ತೀರಾ?" ಅಂತ ಕೇಳಿದರು. ವರ್ಷದ ತನಕ ಹಬ್ಬ ಇಲ್ಲ, ಸರಿ. ಪದಬಂಧಕ್ಕೆ ಯಾವ ಶಾಸ್ತ್ರ? ನಾಳೆಯೇ ಮನಸ್ಸಾದರೆ ನಾಳೆಯೇ ಕೂರುತ್ತೇನೆ. ಆಗದಿದ್ದರೆ ವರ್ಷ ಕಳೆದರೂ ಇಲ್ಲ. ಮುಖಪುಟದಲ್ಲಿ 'ಖಾಸಗಿ ಪ್ರಸಾರಕ್ಕೆ ಮಾತ್ರ' ಅಂತ ಹಾಕಿಕೊಂಡು, ಜೆರಾಕ್ಸ್ ಮಾಡಿಸಿ ಪಿನ್ ಹೊಡೆದ ಪುಸ್ತಿಕೆ ಅದು. ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ.

ಚಂದಾದಾರರಿಗೆಲ್ಲ ಕಾರ್ಡು ಹಾಕಿ ಆಯಿತು. 'ಅನಿವಾರ್ಯ ಕಾರಣಗಳಿಂದ' ಅಂತ ಬರೆಯಲು ಕೈ ಬರಲಿಲ್ಲ. ಕರೆಂಟ್ ಹೋದಾಗ ಹೇಳುವ ಮಾತು ಅದು. "ಸುಳಿವು ಬರೆಯುತ್ತಿದ್ದ ನನ್ನ ಅಣ್ಣ ತೀರಿಕೊಂಡ. ಪುಸ್ತಿಕೆ ಸದ್ಯಕ್ಕಿಲ್ಲ. ಉಳಿದ ಚಂದಾ ಹಣ ವಾಪಸು ಕಳಿಸುತ್ತೇನೆ" ಅಂತ ನೇರವಾಗಿ ಬರೆದೆ. ಸುಮಾರು ಜನ ಹಣ ಬೇಡ ಅಂದಿದ್ದಾರೆ. ತುಮಕೂರಿನ ನಿವೃತ್ತ ಟೀಚರ್ ಒಬ್ಬರು, ಹಿಂದಿನ ಸಂಚಿಕೆಯ ಒಂದು ಸುಳಿವು ತಪ್ಪು ಅಂತ ಈಗಲೂ ವಾದ ಹೂಡಿ ಎರಡು ಪುಟ ಬರೆದಿದ್ದಾರೆ. ಅದನ್ನು ಓದಿ ನಕ್ಕೆ. ಅಣ್ಣ ಇದ್ದಿದ್ದರೆ ನಾಲ್ಕು ಪುಟ ಉತ್ತರ ಹೋಗುತ್ತಿತ್ತು.

ಇನ್ನೊಂದು ವಿಷಯ. ಅಣ್ಣನ ನಿಘಂಟನ್ನು ಯಾವುದಾದರೂ ಶಾಲೆಗೆ ಕೊಡೋಣ ಅಂತ ದೊಡ್ಡಮ್ಮ ಅನ್ನುತ್ತಿದ್ದಾರೆ. ನಿನಗೆ ಬೇಕಾ, ಬೇಗ ಹೇಳು. ಬೇಕು ಅಂದರೆ ಈ ಸಲ ಬಸ್ಸಿನಲ್ಲಿ ಬರಬೇಡ, ಕಾರು ತಾ. ಎಂಟೂ ಸಂಪುಟ ಹೊತ್ತು ನಿನ್ನನ್ನು ಬಸ್ ಹತ್ತಿಸಲು ನನ್ನ ಕೈಲಿ ಆಗಲ್ಲ.

ನಿನ್ನ
ಅಪ್ಪ