ಪುಸ್ತಕ ಬಂತು, ಇವ್ರಿಗೆಲ್ಲ ಥ್ಯಾಂಕ್ಸ್ ಹೇಳ್ದೆ ಇರಕ್ಕಾಗಲ್ಲ

ಭಾನುವಾರ ಮೈಸೂರಲ್ಲಿ ನನ್ನ ಪುಸ್ತಕ ಬಿಡುಗಡೆ ಆಯ್ತು. ಮಂಡ್ಯದಿಂದ ಬಸ್ ಹತ್ಕೊಂಡು ಬಂದವ್ರೆಲ್ಲರಿಗೂ ಕೈಮುಗೀತೀನಿ. ಸ್ಟೇಜ್ ಮೇಲೆ ಎಲ್ಲಾನೂ ಹೇಳಕ್ಕೆ ಟೈಮ್ ಇರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದ್ಲು ನಮ್ಮ ಗ್ರೌಂಡ್ ಕ್ರೂಗೆ. 1999ರ ಮೇ 26ಕ್ಕೆ, ಕಾರ್ಗಿಲ್ ಯುದ್ಧದಲ್ಲಿ ನಮ್ಮ ವಾಯುಪಡೆಯ ಕಾರ್ಯಾಚರಣೆ, ಆಪರೇಷನ್ ಸಫೇದ್ ಸಾಗರ್ ಶುರುವಾದಾಗ ನಾನು ಎಂಐ-17 ಹೆಲಿಕಾಪ್ಟರ್ ಪೈಲಟ್. ಕಾರ್ಗಿಲ್ ಅಂದ್ರೆ ಎಲ್ರೂ ಮಿರಾಜ್ ಯುದ್ಧವಿಮಾನ, ಟೈಗರ್ ಹಿಲ್ಲು ಅಂತಾರೆ, ಸರಿನೇ, ಆದ್ರೆ ಶುರುವಿನಲ್ಲಿ ರಾಕೆಟ್ ಕಟ್ಕೊಂಡು ಆ ಬೆಟ್ಟಗಳ ಮೇಲೆ ಎಂಐ-17ಗಳೂ ಹೋಗಿದ್ವು. 28ನೇ ತಾರೀಕು ತೋಲೋಲಿಂಗ್ ಹತ್ರ ಒಂದಕ್ಕೆ ಕ್ಷಿಪಣಿ ಬಡಿದು ಒಳಗಿದ್ದ ನಾಲ್ಕೂ ಜನ ತೀರ್ಕೊಂಡ್ರು. ಆಮೇಲೆ ಹೆಲಿಕಾಪ್ಟರ್‌ನ ದಾಳಿಗೆ ಕಳ್ಸೋದು ನಿಂತೋಯ್ತು, ನಮ್ಗೆ ಗಾಯಾಳುಗಳನ್ನ ಕೆಳಕ್ಕೆ ತರೋದು, ಮೇಲಕ್ಕೆ ಸಾಮಾನು ಸಾಗ್ಸೋದೇ ಕೆಲಸ. ಅಷ್ಟೆತ್ತರದಲ್ಲಿ ಗಾಳಿ ತೆಳು, ರೋಟರ್‌ಗೆ ಹಿಡಿತ ಸಿಗಲ್ಲ, ಇನ್ನೊಂದು ಸ್ಟ್ರೆಚರ್ ಹಿಡೀಲಿ ಅಂತ ಇಂಧನ ಎಷ್ಟು ಕಮ್ಮಿ ಮಾಡ್ಬೋದು ಅಂತ ಲೆಕ್ಕ ಹಾಕ್ಕೊಂಡೇ ಏಳ್ಬೇಕು. ಆ ಹೆಲಿಕಾಪ್ಟರ್‌ನ ಹಾರಕ್ಕೆ ರೆಡಿ ಮಾಡ್ತಿದ್ದ ಹುಡುಗ್ರು ಇನ್ನೂ ಕತ್ತಲಿರ್ತಾನೇ ಟಾರ್ಚ್ ಹಲ್ಲಲ್ಲಿ ಕಚ್ಕೊಂಡು ಮೇಲೆ ಹತ್ತಿ ಗೇರ್‌ಬಾಕ್ಸ್ ಆಯಿಲ್ ನೋಡೋರು, ಗ್ಲೌಸ್ ಹಾಕಿದ್ರೆ ಸಣ್ಣ ನಟ್ಟು ಬೆರಳಿಗೆ ಸಿಗಲ್ಲ ಅಂತ ಬರಿಗೈಲಿ ಕೆಲ್ಸ, ಚಳಿಗೆ ಬೆರಳ ತುದಿ ಸೀಳಿ ಎಂಜಿನ್ ಕವರ್ ಮೇಲೆ ರಕ್ತದ ಗುರುತು. ಆಮೇಲೆ ಫಾರ್ಮ್ 700ರಲ್ಲಿ, ಅಂದ್ರೆ ಹೆಲಿಕಾಪ್ಟರ್ ಹಾರಕ್ಕೆ ಸರಿಯಾಗಿದೆ ಅಂತ ಬರೆದಿಡೋ ದಾಖಲೆಯಲ್ಲಿ, ಒಬ್ಬೊಬ್ರೇ ಸೈನ್ ಹಾಕೋರು, ಕೊನೇಲಿ ನಾನು. ಅವ್ರ ಸೈನ್ ನಂಬ್ಕೊಂಡು ಹಾರ್ದೆ, ಅದಕ್ಕೇ ಬದುಕಿದೀನಿ. ಪುಸ್ತಕ ಅವ್ರಿಗೇ ಅರ್ಪಣೆ.

ಸರ್ವೀಸ್ ಮುಗಿಸಿ ಮೈಸೂರಿಗೆ ಬಂದು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೇಫ್ಟಿ ಆಫೀಸರ್ ಕೆಲ್ಸಕ್ಕೆ ಸೇರ್ಕೊಂಡೆ. ಯೂನಿಫಾರ್ಮ್ ಬಿಟ್ಟವ್ನಿಗೆ ಮತ್ತೆ ಬೆಳಗ್ಗೆದ್ದು ಹೋಗೋಕೊಂದು ಜಾಗ, ಊಟಕ್ಕೆ ಕೂತಾಗ ಪಕ್ಕಕ್ಕೆ ಕರೆಯೋ ಜನ ಸಿಕ್ರು, ಅಲ್ಲಿನ ಶಾಪ್‌ಫ್ಲೋರ್ ಗೆಳೆಯರಿಗೆ ನಾನು ಸದಾ ಋಣಿ. "ಸಾರ್, ಇದನ್ನ ಬರೀರಿ" ಅಂತ ಮೊದ್ಲು ಹೇಳಿದ್ದೂ ಅವ್ರೇ.

ಇನ್ನು ಮಂಡ್ಯದ ನಮ್ಮ ಕನ್ನಡ ಮೇಷ್ಟ್ರು. ರಿಟೈರ್ ಆಗಿ ಎಷ್ಟೋ ಕಾಲ ಆಗಿದೆ, ಕಣ್ಣಿಗೆ ಆಪರೇಷನ್ ಬೇರೆ, ಆದ್ರೂ ನನ್ನ ನೋಟ್‌ಬುಕ್ ಒಂದೊಂದು ಸಾಲೂ ಬಿಡ್ದೆ ಓದಿ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೀತಿದ್ರು. "ಚಳಿ ಅಂದಿದ್ದೀಯ, ಎಲ್ಲಿ ಕಡೀತು ಹೇಳಪ್ಪ." 28ನೇ ತಾರೀಕಿನ ಅಧ್ಯಾಯ ನೋಡಿ "ಇದು ಸರ್ಕಾರಿ ವರದಿ ಇದ್ದಂಗಿದೆ, ಆವತ್ತು ರಾತ್ರಿ ನೀನು ಊಟ ಮಾಡ್ದಾ ಇಲ್ವಾ?" ಅಂತ ಕೇಳಿದ್ರು. ಮೆಸ್ಸಲ್ಲಿ ತಟ್ಟೆ ಮುಂದಿಟ್ಕೊಂಡು ಯಾರೂ ಮಾತಾಡ್ದೆ ಕೂತಿದ್ದು ನಂಗೆ ನೆನಪಾಗಿದ್ದೇ ಆಗ. ಅದ್ನ ಮನೇಲಿ ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ. ಬರ್ದು ಮೊದ್ಲು ಅವ್ಳಿಗೇ ಓದಿದೆ, ಆವತ್ತಿಂದ ನಮ್ಮನೇಲಿ ಆ ವಿಷ್ಯ ಮಾತಾಡ್ಬೋದು ಅನ್ನೋ ಹಂಗಾಯ್ತು, ಇದಕ್ಕಿಂತ ದೊಡ್ಡ ಉಪಕಾರ ಮೇಷ್ಟ್ರು ಏನು ಮಾಡ್ಬೇಕಿತ್ತು.

ನನ್ನ ಅಕ್ಷರ ಓದಿ ಕಂಪ್ಯೂಟರ್‌ನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡ್ಕೊಟ್ಟ ಡಿಟಿಪಿ ಅಂಗಡಿ ತಂಗಿಗೂ, ದಿನಾ ಸಂಜೆ ಅಜ್ಜಿ ಪಕ್ಕ ಕೂತು ಓದಿ ಹೇಳ್ತಿರೋ ಮಗಳಿಗೂ ಥ್ಯಾಂಕ್ಸ್. ಅವ್ವಂಗೆ ಓದಕ್ಕೆ ಬರಲ್ಲ, ಈಗ ಅರ್ಧ ಪುಸ್ತಕ ಕೇಳಿ ಆಗಿದೆ.

ಮಂಡ್ಯ ಕಡೆ ಸರ್ಕಾರಿ ಶಾಲೆ ಲೈಬ್ರರಿಗೆ ಪ್ರತಿ ಬೇಕಿದ್ರೆ ಮೇಷ್ಟ್ರುಗಳು, ಟೀಚರುಗಳು ಒಂದು ಮಾತು ತಿಳ್ಸಿ, ದುಡ್ಡು ಬೇಡ, ನಾನೇ ತಂದ್ಕೊಡ್ತೀನಿ, ಮಕ್ಕಳು ಏನು ಕೇಳಿದ್ರೂ ಕೂತು ಹೇಳ್ತೀನಿ.